ಊರ ನಡುವಿನ ಕೂಟ: ಗೋಕಾಕ ಸೀಮೆಯ ಒಂದು ಜಾನಪದ ನೋಟ

ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ದಾರಿಗಳು ಸೇರುವ ಸ್ಥಳಕ್ಕೆ 'ಕೂಟ' ಎನ್ನುವುದುಂಟು. ಜನ ಸೇರುವುದಕ್ಕೂ ಇದೇ ಶಬ್ದ. ಈ ಎರಡರ್ಥಗಳ ನಂಟನ್ನು ಗಮನಿಸದೆ ಹುಕ್ಕೇರಿ, ಗೋಕಾಕ, ಮೂಡಲಗಿಗಳ ನಡುಬಯಲನ್ನು ಅರಿಯಲಾಗದು. ಪ್ರವಾಸಿಯ ಕಣ್ಣು ಕಟ್ಟಡಗಳ ಮೇಲೆ ನಿಲ್ಲುತ್ತದೆ. ಜಾನಪದ ಅಭ್ಯಾಸಿಯಾದರೋ ಅವುಗಳ ನಡುವೆ ಖಾಲಿ ಉಳಿದ ಜಾಗವನ್ನೂ ಓದಬೇಕಾಗುತ್ತದೆ.

ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಇತಿಹಾಸಕಾರರು ಅವನ್ನು ಕುರಿತು ಬರೆದಿದ್ದಾರೆ. ಇಲ್ಲಿ ಅದನ್ನೇ ಮತ್ತೆ ಹೇಳಬೇಕಾಗಿಲ್ಲ.

ಗೋಕಾಕಕ್ಕೆ ಬಂದವರು ಸಾಮಾನ್ಯವಾಗಿ ಪೇಟೆಯನ್ನು ದಾಟಿ, ಘಟಪ್ರಭೆ 52 ಮೀಟರು ಕೆಳಕ್ಕೆ ಧುಮುಕುವ ಜಲಪಾತದತ್ತ ಧಾವಿಸುತ್ತಾರೆ. ಅಲ್ಲಿಯ ತೂಗುಸೇತುವೆ, ಹತ್ತೊಂಬತ್ತನೆಯ ಶತಮಾನದ ನೂಲಿನ ಗಿರಣಿ ನೋಡತಕ್ಕವೇ ಸರಿ. ಆದರೆ ಊರಿನ ಹೆಸರು ಹೊರನಾಡಿಗೆ ಹೋದದ್ದು ಪೇಟೆಯ ಎರಡು ಸರಕುಗಳಿಂದಲೂ ಹೌದು: ಕರದಂಟು ಮತ್ತು ಬಣ್ಣದ ಗೊಂಬೆ. ಜೀನಗಾರ ಮನೆತನಗಳ ಕಸುಬಾದ ಈ ಗೊಂಬೆಗೆ ಹಗುರ ಮರ ಬೇಕು. ಬಿಡಿಭಾಗಗಳನ್ನು ಕೆತ್ತಿ, ಅಂಟಿನಿಂದ ಕೂಡಿಸಿ, ಬಿಳಿಯ ಲೇಪ ಕೊಟ್ಟ ಮೇಲೆ ಬಣ್ಣ. ಉತ್ತರ ಕರ್ನಾಟಕದ ದ್ಯಾಮವ್ವ, ದುರ್ಗವ್ವರ ಮರದ ಮೂರ್ತಿಗಳೂ ಜಾತ್ರೆಗೆ ಮುನ್ನ ಹೊಸ ಬಣ್ಣ ತೊಡುತ್ತವೆ. ಮಗುವಿನ ಕೈಯ ಗೊಂಬೆಗೂ ರಥವೇರುವ ದೇವಿಗೂ ಒಂದೇ ಬಗೆಯ ಕೈಚಳಕ ದುಡಿದಿದೆ ಎಂಬುದು ಆಲೋಚಿಸತಕ್ಕ ಸಂಗತಿ. ಗ್ರಾಮದೇವತೆ ಮಹಾಲಕ್ಷ್ಮಿಯ ಜಾತ್ರೆಯಲ್ಲಿ ಭಂಡಾರ ಹಾರಿದಾಗ, ವಾಹನಗಳ ಸದ್ದಡಗಿದ ಬೀದಿ ಮತ್ತೆ ಕೂಟವಾಗುತ್ತದೆ. 2019ರ ಆಗಸ್ಟಿನಲ್ಲಿ ನದಿ ಉಕ್ಕಿ ಹಳೆಯ ದನದ ಪೇಟೆಯವರೆಗೆ ನೀರು ನುಗ್ಗಿತ್ತು.

ನಡುಬಯಲು ರಂಗಸ್ಥಳವಾದುದನ್ನು ಕಾಣಲು ಮೂಡಲಗಿಯತ್ತ ಹೋಗಬೇಕು. 2018ರಲ್ಲಿ ಗೋಕಾಕದಿಂದ ಬೇರೆಯಾದ ಈ ತಾಲೂಕಿನ ಕೇಂದ್ರದಲ್ಲಿ ಇಂದು ಕಲ್ಮೇಶ್ವರ ವೃತ್ತವೇ ಎಲ್ಲರ ಗುರುತು. ಜಾನಪದಕ್ಕೆ ಮುಖ್ಯವಾದವು ಮಾತ್ರ ಇದೇ ಸೀಮೆಯ ಕುಲಗೋಡ ಮತ್ತು ಕೌಜಲಗಿ. ಅಪರಾಳ ತಮ್ಮಣ್ಣನ ಕೃತಿಯಾದ ಶ್ರೀಕೃಷ್ಣ ಪಾರಿಜಾತವನ್ನು ಆಟಕ್ಕೆ ಅಳವಡಿಸಿದವನು ಕುಲಗೋಡ ತಮ್ಮಣ್ಣ. ಅದನ್ನು ನಾಡಿನಾದ್ಯಂತ ಹೆಸರಾಗಿಸಿದ ಕಲಾವಿದೆ ಕೌಜಲಗಿ ನಿಂಗಮ್ಮ. ಪರದೆ, ಅಂಕಗಳ ಹಂಗಿಲ್ಲದ ಈ ಆಟ ಬೆಳಗಾಗುವವರೆಗೆ ನಡೆಯುತ್ತಿತ್ತು. ಗೊಲ್ಲತಿ ಬರುತ್ತಾಳೆ, ಸತ್ಯಭಾಮೆ ಮುನಿಯುತ್ತಾಳೆ, ಕೊರವಿ ಕಣಿ ಹೇಳುತ್ತಾಳೆ. ಇವರೆಲ್ಲರಿಗಿಂತ ಜನ ಕಾಯುವುದು ದೂತಿಗಾಗಿ. ಭಾಗವತನೊಡನೆ ಅವಳ ಸವಾಲು ಜವಾಬು ಬರೆದಿಟ್ಟದ್ದಲ್ಲ. ಅಂದಿನ ಊರು, ಎದುರಿಗೆ ಕುಳಿತ ಜನ, ಆ ವರ್ಷದ ಮಳೆ ಬೆಳೆ ಎಲ್ಲವೂ ಅದರಲ್ಲಿ ನುಸುಳುತ್ತವೆ. ಸಭಾಭವನದ ಎತ್ತರದ ವೇದಿಕೆಯಲ್ಲಿ, ಗೊತ್ತುಪಡಿಸಿದ ಒಂದು ಗಂಟೆಯೊಳಗೆ ಆಡುವಾಗ ಮೊದಲು ಮೊಟಕಾಗುವುದು ಈ ಭಾಗವೇ. ಆಟ ಉಳಿದಿದೆಯೆಂದು ನಾವು ಸಮಾಧಾನಪಡುತ್ತೇವೆ, ಕಳೆದುಹೋದದ್ದು ಬಯಲು.

ಪಾರಿಜಾತದ ಪಠ್ಯ ಅಚ್ಚಾಗಿದೆ, ಹಾಡುಗಳು ಧ್ವನಿಮುದ್ರಣಗೊಂಡಿವೆ. ಊರೂರಿನಲ್ಲಿ ಆಟ ಯಾವ ಗುಡಿಯ ಮುಂದೆ ನಡೆಯಿತು, ಮೇಳ ಯಾವ ದಿಕ್ಕಿಗೆ ಮುಖ ಮಾಡಿತು, ಹೆಂಗಸರು ಎಲ್ಲಿ ಕೂಡುತ್ತಿದ್ದರು, ಅಂದಿನ ದೀವಟಿಗೆಗೆ ಎಣ್ಣೆ ಯಾರ ಮನೆಯದು? ಕ್ಷೇತ್ರಕಾರ್ಯಕ್ಕೆ ಹೋಗುವವರು ಹಿರಿಯರನ್ನು ಕೂಟಕ್ಕೆ ಕರೆತಂದು, ಅಲ್ಲಿಯೇ ನಿಲ್ಲಿಸಿ ಇವನ್ನು ಕೇಳಿ ಬರೆದುಕೊಳ್ಳಬೇಕಾಗಿದೆ.