ಒಳಗಿನ ಲೆಕ್ಕ, ಇನ್ನೊಬ್ಬರ ಕಣ್ಣು

1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಯೋಧ ಇಗ್ನೇಷಿಯಸ್ ಲೊಯೋಲ, ಹಾಸಿಗೆ ಹಿಡಿದಿದ್ದಾಗ ಒಂದು ಸಂಗತಿ ಗಮನಿಸಿದರು. ಶೌರ್ಯದ ಹಗಲುಗನಸುಗಳು ಆ ಕ್ಷಣಕ್ಕೆ ಹಿತವೆನಿಸಿ, ಆಮೇಲೆ ಮನಸ್ಸನ್ನು ಬರಿದು ಮಾಡುತ್ತಿದ್ದವು. ಸಂತರ ಬದುಕಿನ ಯೋಚನೆಗಳು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಕ್ಯಾಥೊಲಿಕರ ಹೆಸರಾಂತ ಆತ್ಮಶೋಧನೆಯ ಪದ್ಧತಿಯೊಂದಕ್ಕೆ ಬೇರು ಇಲ್ಲಿದೆ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿ ಇದರ ಕ್ರಮ ಹೇಳುತ್ತದೆ: ಮೊದಲು ದೇವರಿಗೆ ಕೃತಜ್ಞತೆ, ಆಮೇಲೆ ತಪ್ಪು ಕಾಣುವ ಕೃಪೆಗಾಗಿ ಬೇಡಿಕೆ, ದಿನದ ಗಂಟೆಗಂಟೆಯ ಅವಲೋಕನ, ಕ್ಷಮೆ, ತಿದ್ದಿಕೊಳ್ಳುವ ಸಂಕಲ್ಪ. ಒಂದೇ ದೋಷವನ್ನು ಆರಿಸಿಕೊಂಡು, ಎಡವಿದಾಗಲೆಲ್ಲ ದಿನಕ್ಕೆ ಎರಡರಂತೆ ಎಳೆದ ಗೆರೆಗಳ ಮೇಲೆ ಅಂಗಡಿಯ ಖಾತೆಪುಸ್ತಕದ ಹಾಗೆ ಚುಕ್ಕಿ ಇಡುವ ಉಪಾಯವೂ ಅಲ್ಲಿದೆ.

ಹೀಗೆ ತನ್ನನ್ನೇ ಕೆದಕುತ್ತಾ ಕೂತರೆ ಅಪರಾಧಪ್ರಜ್ಞೆ ಬೆಳೆಯದೇ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಮನ್ರೇಸಾ ಎಂಬ ಊರಿನಲ್ಲಿದ್ದಾಗ ಇಗ್ನೇಷಿಯಸ್ ಅವರೇ ಹಳೆಯ ಪಾಪಗಳ ಶಂಕೆಯಲ್ಲಿ ಬೆಂದು, ಪ್ರಾಣ ಬಿಡುವ ಯೋಚನೆಯವರೆಗೂ ಹೋಗಿದ್ದರು. ಒಂಟಿಯಾಗಿ ಹಾಕುವ ಲೆಕ್ಕ ಎರಡೂ ಕಡೆಗೆ ತಪ್ಪಬಹುದು: ಒಬ್ಬರು ತಮಗೆ ತಾವೇ ಮಾಫಿ ಕೊಟ್ಟುಕೊಳ್ಳುತ್ತಾರೆ, ಇನ್ನೊಬ್ಬರು ಇಲ್ಲದ ಪಾಪ ಹುಡುಕುತ್ತಾರೆ. ಕೃತಜ್ಞತೆ ಮೊದಲು ಬರುವುದು, ಈ ಸಾಧನೆಗಳಿಗೆ ಮಾರ್ಗದರ್ಶಕರೊಬ್ಬರು ಇರುವುದು ಅದಕ್ಕೇ ಎಂದು ನನ್ನ ಎಣಿಕೆ. ಎದುರಿನವರ ಮಾತಿಗೆ ಆದಷ್ಟು ಒಳ್ಳೆಯ ಅರ್ಥವನ್ನೇ ಹಚ್ಚಬೇಕು, ಆಗದಿದ್ದರೆ ಅವರನ್ನೇ ಕೇಳಿ ತಿಳಿಯಬೇಕು ಎಂಬ ಸೂಚನೆಯಂತೂ ಪುಸ್ತಕದ ಆರಂಭದಲ್ಲೇ ಇದೆ. ದೇವರನ್ನು ನಂಬದವರಿಗೆ ಈ ಪದ್ಧತಿ ಒಗ್ಗುತ್ತದೆಯೇ? ಅವಲೋಕನದ ಭಾಗ ಡೈರಿ ಬರೆಯುವ ಯಾರಿಗೂ ಒಗ್ಗೀತು. ಕ್ಷಮೆಯ ಹಂತ ಬಂದಾಗ ಮಾತ್ರ, ಯಾರನ್ನು ಕೇಳುವುದು ಎಂಬುದಕ್ಕೆ ಅವರು ಬೇರೆ ಉತ್ತರ ಹುಡುಕಿಕೊಳ್ಳಬೇಕಾಗುತ್ತದೆ.