ಕಾವು ಬದಲಿಸಬಹುದಾದ ಗುದ್ದಲಿ

ಒಳ್ಳೆಯ ಕತ್ತಿ ಬೇಕೆನ್ನುವ ಮಲೆನಾಡಿಗ ಅಂಗಡಿಗೆ ಹೋಗುವ ಮೊದಲು ಗುಜರಿಯವನ ಹತ್ತಿರ ಹೋಗುತ್ತಾನೆ. ಅಲ್ಲಿ ಅವನು ಹುಡುಕುವುದು ಲಾರಿಯ ಪ್ಲೇಟು. ವರ್ಷಗಟ್ಟಲೆ ಟನ್‌ಗಟ್ಟಲೆ ಭಾರ ಹೊತ್ತು, ಘಾಟಿಯ ಹೊಂಡಗಳಲ್ಲಿ ಬಾಗಿ ಬಾಗಿ ಮತ್ತೆ ನೆಟ್ಟಗಾಗಿ, ಒಂದು ದಿನ ಪಟ್ಟನೆ ತುಂಡಾದ ಸ್ಪ್ರಿಂಗ್ ಪಟ್ಟಿ ಅದು. ಅದರಲ್ಲೊಂದು ತುಂಡನ್ನು ಕಮ್ಮಾರಸಾಲೆಗೆ ಒಯ್ದರೆ ಮಗನ ಕಾಲಕ್ಕೂ ಉಳಿಯುವ ಕತ್ತಿಯಾಗುತ್ತದೆ. ಈ ಉಕ್ಕಿನಲ್ಲಿ ಇಂಗಾಲ ಶೇ 0.5ರಿಂದ 0.6ರಷ್ಟಿರುತ್ತದೆ. ಬಾಗಿದರೂ ಮುರಿಯದಷ್ಟು ಮೆದು, ಹದ ಹಿಡಿದರೆ ಹರಿತ ನಿಲ್ಲುವಷ್ಟು ಗಟ್ಟಿ. ಕಿಟಕಿಯ ಸರಳಿನ ಕಬ್ಬಿಣದಲ್ಲಿ ಇಂಗಾಲ ಇದರ ಅರ್ಧವೂ ಇರುವುದಿಲ್ಲ, ಎಷ್ಟು ಕಾಯಿಸಿ ನೀರಿಗದ್ದಿದರೂ ಅದು ಕತ್ತಿಯಾಗದು. ಗುಜರಿ ಪ್ಲೇಟಿಗೂ ಒಂದು ದೋಷವಿದೆ. ಬಾಗಿ ಬಾಗಿ ದಣಿದ ಉಕ್ಕಿನೊಳಗೆ ಕಣ್ಣಿಗೆ ಕಾಣದ ಸೀಳು ಬಿದ್ದಿರಬಹುದು. ಅನುಭವಿ ಕಮ್ಮಾರ ತುಂಡಾದ ಜಾಗದಿಂದ ದೂರದ ಭಾಗವನ್ನೇ ಆರಿಸಿಕೊಳ್ಳುತ್ತಾನೆ.

ಕುಲುಮೆಯ ಮುಂದೆ ಅರ್ಧ ಗಂಟೆ ನಿಂತವರಿಗೆ ಅಂಗಡಿಯಲ್ಲಿ ಏನು ನೋಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ತಿದಿಯ ಜಾಗಕ್ಕೆ ಈಗ ಕರೆಂಟಿನ ಬ್ಲೋವರ್ ಬಂದಿದೆ, ಇದ್ದಿಲು ಹಾಗೇ ಇದೆ. ಕೆಂಪಗೆ ಕಾದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು, ಅಡಿಗಲ್ಲಿನ ಮೇಲಿಟ್ಟು, ಒಬ್ಬರು ತಿರುಗಿಸುತ್ತ ಇನ್ನೊಬ್ಬರು ಬಡಿಯುತ್ತ ಆಕಾರಕ್ಕೆ ತರುತ್ತಾರೆ. ಆಮೇಲಿನದು ನಾಜೂಕಿನ ಕೆಲಸ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅಲ್ಲಿಂದ ತುಸು ಮೇಲಕ್ಕೆ ಕಾಯಿಸಿದರೆ ನೀರಿಗದ್ದುವ ಹೊತ್ತು. ಹಳಬರು ಅಯಸ್ಕಾಂತ ಹಿಡಿದವರಲ್ಲ, ಬಣ್ಣ ನೋಡಿಯೇ ಹೇಳುತ್ತಾರೆ. ಕಮ್ಮಾರಸಾಲೆ ಸದಾ ಅರೆಗತ್ತಲಾಗಿರುವುದು ಅದಕ್ಕೇ, ಬಿಸಿಲಿನಲ್ಲಿ ಕೆಂಪಿನ ಛಾಯೆ ತಿಳಿಯುವುದಿಲ್ಲ. ಅದ್ದುವುದು ಬಾಯಿಯ ಕಡೆಯನ್ನು ಮಾತ್ರ, ಬೆನ್ನಿನಲ್ಲಿ ಬಿಸಿ ಉಳಿದಿರಬೇಕು. ಹೊರತೆಗೆದು ಕಲ್ಲಿಗೆ ಒಂದೆರಡು ಸಲ ಉಜ್ಜಿದರೆ ಬೆಳ್ಳಗಾದ ಬಾಯಿಯ ಮೇಲೆ ಬೆನ್ನಿನ ಬಿಸಿ ನಿಧಾನವಾಗಿ ಇಳಿದು ಬರುವುದು ಕಾಣುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿಯಲ್ಲೇ ನಿಲ್ಲಿಸಿದರೆ ಬಾಯಿ ಗಾಜಿನಂತೆ ಚಕ್ಕೆ ಏಳುತ್ತದೆ. ನೀಲಿ ದಾಟಲು ಬಿಟ್ಟರೆ ಕಟ್ಟಿಗೆಗೆ ಹೊಡೆದಾಗ ಮಡಚಿಕೊಳ್ಳುತ್ತದೆ. ಕತ್ತಿಗೆ ಕಂದು, ಕೊಡಲಿಗೆ ಇನ್ನೂ ಸ್ವಲ್ಪ ಮುಂದೆ. ಬೇಕಾದ ಬಣ್ಣ ಬಂದ ಗಳಿಗೆಗೆ ಪೂರ್ತಿ ನೀರಿಗೆ. ಇಡೀ ಆಟ ಮುಗಿಯಲು ಒಂದು ನಿಮಿಷವೂ ಬೇಕಿಲ್ಲ.

ಈ ಬಣ್ಣಗಳು ಕತ್ತಿ ಮನೆಗೆ ಬಂದ ಮೇಲೂ ನೆನಪಿರಬೇಕು. ಮೊಂಡಾದ ಕತ್ತಿಗೆ ವೆಲ್ಡಿಂಗ್ ಶಾಪಿನ ಗ್ರೈಂಡರ್ ಹಚ್ಚಿಸುವುದು ಈಗಿನ ರೂಢಿ. ಕಿಡಿ ಹಾರುವುದನ್ನು ನೋಡಲು ಚೆಂದ. ಆದರೆ ತೆಳ್ಳಗಿನ ಬಾಯಿ ಕ್ಷಣದಲ್ಲಿ ಕಾದು ನೀಲಿಯಾಗುತ್ತದೆ, ಅಲ್ಲಿಗೆ ಕಮ್ಮಾರ ಕೊಟ್ಟ ಹದ ಹೋಯಿತು. ಮರುದಿನವೇ ಮತ್ತೆ ಮೊಂಡು, ಮತ್ತೆ ಗ್ರೈಂಡರ್. ಹೀಗೆ ಸವೆದು ಸವೆದು ಅಂಗೈ ಅಗಲದ ಕತ್ತಿ ಎರಡು ವರ್ಷದಲ್ಲಿ ಬೆರಳಗಲಕ್ಕೆ ಬಂದಿರುತ್ತದೆ. ಅರ ಇಲ್ಲವೇ ಸಾಣೆಕಲ್ಲು, ಜೊತೆಗೊಂದು ಚೊಂಬು ನೀರು, ಇಷ್ಟೇ ಸಾಕು. ಹಲ್ಲುಕುಡುಗೋಲು ಮಾತ್ರ ಕಲ್ಲಿಗೆ ಬಗ್ಗುವುದಿಲ್ಲ, ಅದಕ್ಕೆ ಕಮ್ಮಾರನೇ ಹೊಸದಾಗಿ ಹಲ್ಲು ಹಾಕಿಕೊಡಬೇಕು.

ತೋಟದ ಸಲಕರಣೆ ಕೊಳ್ಳುವವರು ಬೆಲೆ, ಬಣ್ಣ, ಕಂಪನಿ ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಕೆಟ್ಟರೆ ರಿಪೇರಿಯಾಗುತ್ತದೆಯೇ? ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಮಳಿಗೆಗಳಲ್ಲಿ ಐದಾರು ಸಾಮಾನು ಕೂಡಿಸಿದ ಬಣ್ಣದ ಹಿಡಿಯ ಸೆಟ್ ನೋಡಿ ಮನಸೋಲುತ್ತಾರೆ. ಅದರ ಕೈಸಲಿಕೆಯ ಕುತ್ತಿಗೆಯನ್ನು ಒಮ್ಮೆ ಗಮನಿಸಿ. ತಗಡಿನ ಎಲೆಗೆ ಸರಳನ್ನು ಎರಡು ಚುಕ್ಕೆ ವೆಲ್ಡಿಂಗ್‌ನಲ್ಲಿ ಅಂಟಿಸಿದ್ದರೆ ಮೊದಲ ಬೇಸಿಗೆಯ ಒಣಮಣ್ಣಿಗೇ ಅದು ಕೈಬಿಡುತ್ತದೆ. ಎಲೆಯಿಂದ ಕುತ್ತಿಗೆಯವರೆಗೆ ಒಂದೇ ಲೋಹವಾಗಿ ಬಡಿದದ್ದು, ಹಿಡಿಯನ್ನು ರಿವೆಟ್ ತೆಗೆದು ಬದಲಿಸಬಹುದಾದದ್ದು ಸಿಕ್ಕರೆ ಒಂದೇ ಸಾಕು, ಸೆಟ್ ಬೇಡ. ತಾರಸಿ ತೋಟದ ಗ್ರೋಬ್ಯಾಗು, ತೆಂಗಿನ ನಾರಿನ ಪುಡಿಗೆ ಒಂದು ಕೈಸಲಿಕೆ, ಕೊಂಬೆ ಸವರುವ ಒಂದು ಸಿಕೇಟರ್, ಸಣ್ಣ ತೂತಿನ ರೋಸ್ ಕ್ಯಾನು ಇದ್ದರಾಯಿತು. ಮೂರು ಹಲ್ಲಿನ ಆ ಪುಟ್ಟ ಕುಂಟೆಯ ಕೆಲಸವನ್ನು ಅಡುಗೆಮನೆಯ ಹಳೇ ಮುಳ್ಳುಚಮಚ ಇನ್ನೂ ಚೆನ್ನಾಗಿ ಮಾಡುತ್ತದೆ. ಶೇ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಉಕ್ಕು ಸುಲಭಕ್ಕೆ ತುಕ್ಕು ಹಿಡಿಯದು, ಮಣ್ಣೂ ಅಂಟದು. ಉಪ್ಪುಗಾಳಿಯ ಕರಾವಳಿಗೆ ಅಂಥ ಕೈಸಲಿಕೆ ಒಳ್ಳೆಯದೇ. ಆದರೆ ಅಗ್ಗದ ಸ್ಟೇನ್‌ಲೆಸ್ ಕತ್ತಿ ಬೇಡ. ಹೊಳಪು ಉಳಿಯುತ್ತದೆ, ಹರಿತ ಉಳಿಯುವುದಿಲ್ಲ.

ನೆಲದ ತೋಟಕ್ಕೆ ಬಂದರೆ ಮಣ್ಣೇ ಯಜಮಾನ. ದಕ್ಷಿಣ ಕನ್ನಡದ ಜಂಬಿಟ್ಟಿಗೆ ನೆಲದಲ್ಲಿ ತೆಂಗಿಗೆ ಗುಂಡಿ ತೆಗೆಯುವವರಿಗೆ ಹಾರೆ, ಪಿಕಾಸಿ ಇಲ್ಲದೆ ದಿನ ಕಳೆಯದು. ಬಯಲುಸೀಮೆಯ ಕೆಮ್ಮಣ್ಣಿಗೆ ಅಗಲ ಬಾಯಿಯ ಗುದ್ದಲಿ ಸರಿ. ಎರೆಭೂಮಿಯಲ್ಲಿ ಅದೇ ಅಗಲ ಗುದ್ದಲಿ ಮಳೆಗಾಲಕ್ಕೆ ಪ್ರತಿ ಏಟಿಗೂ ಒಂದೆರಡು ಕಿಲೋ ಜಿಗುಟು ಮಣ್ಣು ಹೊತ್ತು ಮೇಲೇಳುತ್ತದೆ, ಅಲ್ಲಿ ಕಿರಿದಾದ ಬಾಯಿಯದೇ ಲೇಸು. ಊರೂರಿನ ಕಮ್ಮಾರ ತನ್ನ ಮಣ್ಣಿಗೆ ತಕ್ಕ ಬಾಗು, ಅಗಲ ಕೊಡುತ್ತಿದ್ದ. ಸುಗ್ಗಿಯಲ್ಲಿ ಅವನಿಗೆ ಕಾಳಿನ ಆಯ ಸಲ್ಲುತ್ತಿತ್ತು, ಅದರ ಲೆಕ್ಕದಲ್ಲೇ ವರ್ಷವಿಡೀ ಕುಡ ಹಣಿದು ಕೊಡುತ್ತಿದ್ದ. ತಾನು ಬಡಿದ ಗುದ್ದಲಿ ಹೇಗೆ ಕೆಲಸ ಮಾಡಿತೆಂಬ ದೂರು ಅವನ ಬಾಗಿಲಿಗೇ ಬರುತ್ತಿತ್ತು. ದೂರದ ಕಾರ್ಖಾನೆಯಲ್ಲಿ ಅಚ್ಚೊತ್ತಿ ರಾಜ್ಯಕ್ಕೆಲ್ಲ ಒಂದೇ ಅಳತೆಯಲ್ಲಿ ಬರುವ ಗುದ್ದಲಿಗೆ ಆ ದೂರು ತಲುಪುವ ದಾರಿಯಿಲ್ಲ.

ಗುದ್ದಲಿಯ ಅರ್ಧ ಬೆಲೆ ಕಾವಿನಲ್ಲಿದೆ ಎನ್ನುವವನು ನಾನು. ಕೊಡಲಿ ಕಾವು ಕುಲಕ್ಕೆ ಮೂಲ ಎಂದು ಗಾದೆ ಬೈದುಕೊಂಡರೂ ತೋಟದವನಿಗೆ ಯಾವ ಮರದ ಕಾವು ಎಂಬುದೇ ಚಿಂತೆ. ಮಲೆನಾಡಿನಲ್ಲಿ ತಡಸಲು ಮರಕ್ಕೆ ಮೊದಲ ಮಣೆ. ಅದರ ನಾರು ಉದ್ದ, ಪೆಟ್ಟನ್ನು ತಾನು ಹೀರಿಕೊಂಡು ಕೈಗೆ ಬಿಡುವುದಿಲ್ಲ. ಬಯಲುಸೀಮೆಯಲ್ಲಿ ಜಾಲಿ ಇದೆ, ದಿಂಡಿಗ ಇದೆ. ನಾರು ಕಾವಿನ ಉದ್ದಕ್ಕೂ ನೇರ ಹರಿದಿದೆಯೇ ನೋಡಬೇಕು. ಮಧ್ಯದಲ್ಲಿ ಪಕ್ಕಕ್ಕೆ ಹೊರಳಿದ್ದರೆ ಮುರಿಯುವುದು ಅಲ್ಲೇ. ಹೆಬ್ಬೆರಳು ತೋರುಬೆರಳಿಗೆ ತಾಗುವಷ್ಟು ದಪ್ಪ ಸಾಕು. ಅದಕ್ಕಿಂತ ದಪ್ಪದ ಕಾವನ್ನು ಬಿಗಿ ಹಿಡಿದೇ ಕೈ ಸೋಲುತ್ತದೆ. ಹಸಿ ಮರದ ಕಾವು ಒಣಗಿದಂತೆ ಕುಗ್ಗಿ ಕಣ್ಣಿನಲ್ಲಿ ಸಡಿಲವಾಗುವುದರಿಂದ, ಕಡಿದ ಗಳುವನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ಒಂದು ವರ್ಷ ಮರೆಯುತ್ತಿದ್ದರು. ಹುಳವೂ ಮುಟ್ಟುತ್ತಿರಲಿಲ್ಲ.

ಸಡಿಲವಾದ ಗುದ್ದಲಿಯನ್ನು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಬಿಗಿಯಾಯಿತೆಂದು ಹೊರಡುವವರಿದ್ದಾರೆ. ಉಬ್ಬಿದ ಮರಕ್ಕೆ ಕಣ್ಣಿನ ಕಬ್ಬಿಣ ಜಾಗ ಕೊಡುವುದಿಲ್ಲ, ಒಳಗೊಳಗೇ ನಾರು ಜಜ್ಜಿಹೋಗುತ್ತದೆ. ಮತ್ತೆ ಒಣಗಿದಾಗ ಮೊದಲಿಗಿಂತ ಸಡಿಲ. ತಲೆ ಹಾರಿ ಪಕ್ಕದ ಸಾಲಿನಲ್ಲಿ ಬಗ್ಗಿ ನಿಂತವರ ಮೇಲೆ ಬೀಳುವುದು ಇಂಥ ಗುದ್ದಲಿಯೇ. ಗಟ್ಟಿ ಮರದ ಒಂದು ಬೆಣೆ ಹೊಡೆದರೆ ಮುಗಿಯುವ ಕೆಲಸ ಇದು.

ಕಾವಿನ ಉದ್ದದ ಮಾತು ಬಂದಾಗ ಯಾರು ಕೆಲಸ ಮಾಡುತ್ತಾರೆಂಬ ಮಾತೂ ಬರಬೇಕು. ಕಳೆ ತೆಗೆಯುವುದು ಬಹುತೇಕ ಹೆಂಗಸರ ಕೆಲಸ, ಅವರ ಕೈಗೆ ಸಿಗುವುದು ಗೇಣುದ್ದದ ಕುರ್ಪಿ. ದಿನವಿಡೀ ಕುಕ್ಕರಗಾಲಿನಲ್ಲಿ ಸರಿಯುತ್ತ ಹೋಗಬೇಕು. ಗಂಡಸರ ಸಲಕರಣೆಗೆ ಉದ್ದ ಕಾವು, ಹೆಂಗಸರದಕ್ಕೆ ಗಿಡ್ಡ ಹಿಡಿ ಎಂಬುದನ್ನು ಯಾವ ಮಣ್ಣೂ ಬೇಡಿದ್ದಲ್ಲ. ಉತ್ತರ ಕರ್ನಾಟಕದಲ್ಲಿ ಹಳೇ ಸೈಕಲ್ಲಿನ ಗಾಲಿ, ಹ್ಯಾಂಡಲ್ ಸೇರಿಸಿ ಹಿಂದೊಂದು ಕುಂಟೆ ಬಿಗಿದು ಮಾಡುವ ಸೈಕಲ್ ಎಡೆಕುಂಟೆ ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಸಲಕರಣೆ. ನೆಟ್ಟಗೆ ನಿಂತು ನೂಕಬಹುದು, ಊರಿನ ವೆಲ್ಡಿಂಗ್ ಶಾಪಿನಲ್ಲೇ ರಿಪೇರಿಯಾಗುತ್ತದೆ, ಎತ್ತು ಬೇಡ, ಪೆಟ್ರೋಲೂ ಬೇಡ.

ಸಿಕೇಟರ್ ನಮ್ಮ ಕುಲುಮೆಯ ಕೂಸಲ್ಲ. ಫ್ರಾನ್ಸಿನ 16ನೇ ಲೂಯಿಯ ಬಳಿ ನೌಕಾ ಮಂತ್ರಿಯಾಗಿದ್ದ ಬರ್ಟ್ರಾಂಡ್ ದ ಮೊಲವಿಲ್ 19ನೇ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದನೆನ್ನುತ್ತಾರೆ. ದ್ರಾಕ್ಷಿ, ದಾಳಿಂಬೆ, ಗುಲಾಬಿ ಬೆಳೆಗಾರರ ಜೇಬಿಗೆ ಅದು ಹೇಳಿ ಮಾಡಿಸಿದ ಸಲಕರಣೆ. ಎರಡು ಅಲಗು ಒಂದನ್ನೊಂದು ದಾಟಿ ಹೋಗುವ ಜಾತಿಯದನ್ನೇ ಹಸಿ ಕೊಂಬೆಗೆ ಕೊಳ್ಳಬೇಕು. ಚಪ್ಪಟೆ ಮಣೆಯ ಮೇಲೆ ಅಲಗು ಬಂದು ಕೂರುವ ಜಾತಿ ಹಸಿ ತೊಗಟೆಯನ್ನು ಜಜ್ಜುತ್ತದೆ, ಅದು ಒಣಕಡ್ಡಿಗೆ ಮಾತ್ರ. ಇಲ್ಲಿಯೂ ಅದೇ ಪ್ರಶ್ನೆ: ನಡುವಿನ ಬೋಲ್ಟು ಬಿಚ್ಚಬಹುದೇ, ಸ್ಪ್ರಿಂಗು ಬಿಡಿಯಾಗಿ ಸಿಗುತ್ತದೆಯೇ? ರಿವೆಟ್ ಹೊಡೆದು ಮುಚ್ಚಿದ್ದನ್ನು ಕೊಂಡರೆ ಒಂದು ಸ್ಪ್ರಿಂಗು ಹಾರಿಹೋದ ದಿನ ಇಡೀ ಕತ್ತರಿಯೇ ಗುಜರಿಗೆ. ಮಸೆಯುವಾಗ ಇಳಿಜಾರಿರುವ ಮುಖವನ್ನಷ್ಟೇ ಕಲ್ಲಿಗೆ ಕೊಡಬೇಕು. ಚಪ್ಪಟೆ ಮುಖವನ್ನು ಉಜ್ಜಿದರೆ ಎರಡು ಅಲಗುಗಳ ನಡುವೆ ಸಂದು ಬಿದ್ದು ಕೊಂಬೆ ಕತ್ತರಿಸುವ ಬದಲು ಮಡಚಿ ಸಿಕ್ಕಿಕೊಳ್ಳುತ್ತದೆ.

ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ದಾಳಿಂಬೆ ಬೆಳೆಗಾರರಿಗೆ ಈ ಕತ್ತರಿ ಅನ್ನವೂ ಹೌದು, ಆತಂಕವೂ ಹೌದು. ದುಂಡಾಣು ಅಂಗಮಾರಿ ತಗುಲಿದ ಗಿಡವನ್ನು ಸವರಿದ ಕತ್ತರಿ ಪಕ್ಕದ ಗಿಡಕ್ಕೆ ಹೋದರೆ ರೋಗವನ್ನೂ ಹೊತ್ತೊಯ್ಯುತ್ತದೆ. ಅದಕ್ಕಾಗಿ ಗಿಡದಿಂದ ಗಿಡಕ್ಕೆ ಹೋಗುವಾಗ ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದುವ ಪದ್ಧತಿ ಬಂದಿದೆ. ಆಳಿಗೆ ಎರಡು ಕತ್ತರಿ ಕೊಟ್ಟರೆ ಒಂದು ಬಕೆಟ್ಟಿನಲ್ಲಿರುವಾಗ ಇನ್ನೊಂದು ಕೈಯಲ್ಲಿರುತ್ತದೆ, ಅದ್ದುವ ಕೆಲಸ ತಪ್ಪಿಹೋಗುವುದಿಲ್ಲ. ಆದರೆ ಈ ದ್ರಾವಣ ಉಕ್ಕನ್ನು ತಿನ್ನುತ್ತದೆ. ಸಂಜೆ ತೊಳೆದು, ಒರೆಸಿ, ಕೀಲಿಗೆ ಎರಡು ಹನಿ ಎಣ್ಣೆ ಬಿಡದಿದ್ದರೆ ಒಂದು ಹಂಗಾಮಿಗೆ ಹೊಸ ಕತ್ತರಿ ಹಳತಾಗುತ್ತದೆ. ಮನೆಯಂಗಳದ ಗುಲಾಬಿಗೆ ಇಷ್ಟೆಲ್ಲ ಬೇಡ, ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಕು.

ಅಡಿಕೆ ತೋಟದವರಿಗೆ ಇನ್ನೊಂದು ದ್ರಾವಣದ ಪರಿಚಯ ಚೆನ್ನಾಗಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆಯನ್ನು ಇಲ್ಲಿ ಬಳಕೆಗೆ ತಂದ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಸರಿಯಾಗಿದೆಯೇ ಎಂದು ನೋಡಲು ಬಳಸುವುದು ಕತ್ತಿಯನ್ನೇ. ತಿಕ್ಕಿ ಹೊಳಪಾಗಿಸಿದ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಕತ್ತಿಯ ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುವುದರಿಂದ ಹೀಗಾಗುತ್ತದೆ, ಕಬ್ಬಿಣದ ಡ್ರಮ್ಮಿನಲ್ಲಿ ಬೋರ್ಡೋ ಕದಡಬಾರದೆನ್ನುವುದೂ ಇದಕ್ಕೇ. ಪರೀಕ್ಷೆ ಮುಗಿದ ಕೂಡಲೇ ಕತ್ತಿ ತೊಳೆಯಿರಿ. ಪೊಟ್ಯಾಷ್ ಚೀಲಕ್ಕೆ ಒರಗಿಸಿಟ್ಟ ಗುದ್ದಲಿಗೂ ಇಂಥದೇ ಗತಿ, ಗೊಬ್ಬರದ ಉಪ್ಪು ತುಕ್ಕನ್ನು ಕರೆದು ಕೂರಿಸುತ್ತದೆ.

ಯಾವ ಎಣ್ಣೆ? ಲೋಹಕ್ಕೆ ಹರಳೆಣ್ಣೆ ಒಳ್ಳೆಯದು, ದಪ್ಪಗಿದ್ದು ಬಿಟ್ಟು ಹೋಗುವುದಿಲ್ಲ. ಗಾಡಿಯ ಕೀಲಿಗೆ ಅದನ್ನೇ ಹಚ್ಚುತ್ತಿದ್ದರು. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ. ಗ್ಯಾರೇಜಿನ ಸುಟ್ಟ ಆಯಿಲ್ ಪುಕ್ಕಟೆ ಸಿಗುತ್ತದೆಂದು ಸೊಪ್ಪು ಬೆಳೆಯುವ ಮಣ್ಣಿಗೆ ಇಳಿಯುವ ಸಲಕರಣೆಗೆ ಬಳಿಯಬಾರದು. ಕಾವಿಗೆ ಅಗಸೆ ಎಣ್ಣೆ. ಅದು ಗಾಳಿಗೆ ಒಣಗಿ ಮರದ ಮೇಲೆ ಪೊರೆಯಾಗುತ್ತದೆ, ಹರಳೆಣ್ಣೆಯಂತೆ ಜಾರುವುದಿಲ್ಲ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ಬಟ್ಟೆ ತಾನಾಗಿ ಹೊತ್ತಿಕೊಂಡದ್ದುಂಟು. ಬಿಡಿಸಿ ತಂತಿಯ ಮೇಲೆ ಹರವಿ.

ಆಯುಧಪೂಜೆ ಬರುವ ಹೊತ್ತೂ ಗಮನಿಸುವಂಥದು. ಮಳೆಗಾಲವಿಡೀ ನೆನೆದ ಕತ್ತಿ, ಗುದ್ದಲಿ, ಹಾರೆ ಹೊರಗೆ ಬಂದು ತೊಳೆಸಿಕೊಂಡು ಎಣ್ಣೆ ಕಾಣುವುದು ಆಗಲೇ. ಸುಗ್ಗಿಗೆ ಮುಂಚಿನ ತಪಾಸಣೆಗೆ ಇದಕ್ಕಿಂತ ಒಳ್ಳೆಯ ದಿನ ಸಿಗದು. ತೊಂದರೆ ಏನೆಂದರೆ, ಎಷ್ಟೋ ಮನೆಗಳಲ್ಲಿ ಈಗ ಬೈಕು, ಕಾರಿಗೆ ಹಾರ ಹಾಕುವ ಭರದಲ್ಲಿ ಗುದ್ದಲಿಗೆ ಕುಂಕುಮವಷ್ಟೇ ಸಿಗುತ್ತದೆ, ತುಕ್ಕಿನ ಮೇಲೆಯೇ.

ಹೊಸ ಸಲಕರಣೆಗಳ ಮೇಲೆ ನನಗೆ ಮುನಿಸಿಲ್ಲ. ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ಮರ ಹತ್ತದೆ ನೆಲದಿಂದಲೇ ಅಡಿಕೆ ಕೊನೆ ಇಳಿಸುವುದು ಸಾಧ್ಯವಾಗಿದೆ, ಮರ ಹತ್ತುವವರು ಸಿಗದ ಕಾಲಕ್ಕೆ ಅದು ದೊಡ್ಡ ಉಪಕಾರ. ಆದರೆ ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತುವಂತಿಲ್ಲ.

ಕುಲುಮೆ ಕೆಲಸ ಮಾಡಿಸುವವರು ಯುಗಾದಿ ಕಳೆದ ಕೂಡಲೇ ಹೋಗಬೇಕು. ಮೇ ಕೊನೆಯ ವಾರಕ್ಕೆ ಮೋಡ ಕಂಡವರೆಲ್ಲ ಒಟ್ಟಿಗೆ ಬರುತ್ತಾರೆ, ಆಗ ಸರತಿಯೂ ಉದ್ದ, ಕೆಲಸವೂ ಅವಸರದ್ದು. ಕಾವನ್ನು ಮನೆಯಲ್ಲೇ ಕಳಚಿಟ್ಟು ಹೋಗಿ, ಬೆಂಕಿಗೆ ಬೇಕಿರುವುದು ಕಬ್ಬಿಣ ಮಾತ್ರ. ಬಾಯಿ ತೀರಾ ಸವೆದಿದ್ದರೆ ತುದಿಗೊಂದು ಪ್ಲೇಟಿನ ತುಂಡು ಬೆಸೆದು ಹೊಸ ಬಾಯಿ ಹಾಕಿಕೊಡಲು ಕೇಳಿ, ಹೊಸ ಗುದ್ದಲಿಯ ಬೆಲೆಗಿಂತ ಎಷ್ಟೋ ಕಡಿಮೆಯಲ್ಲಿ ಮುಗಿಯುತ್ತದೆ. ಎಡಗೈಯವರಾದರೆ ಕುಡುಗೋಲಿನ ಇಳಿಜಾರನ್ನು ಇನ್ನೊಂದು ಮಗ್ಗುಲಿಗೆ ಕೊಡಲು ಮೊದಲೇ ಹೇಳಿಬಿಡಿ.