ಪಡ್ಡಿನ ಹಂಚು: ಮನೆಯ ಒಲೆಯಿಂದ ಬಯಲಿನ ಕೆಂಡಕ್ಕೆ

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಅಚ್ಚುಮೆಚ್ಚಿನ ತಿಂಡಿಯಾದ ಪಡ್ಡನ್ನು ಬೇಯಿಸುವ ಗುಳಿಗಳುಳ್ಳ ಹಂಚು ಸಾಂಪ್ರದಾಯಿಕವಾಗಿ ಬೀಡುಕಬ್ಬಿಣದ್ದು, ಅಂದರೆ ಸುಮಾರು ಶೇ 2ರಿಂದ 4ರಷ್ಟು ಇಂಗಾಲವಿರುವ ಕಬ್ಬಿಣವನ್ನು ಕರಗಿಸಿ ಅಚ್ಚಿಗೆ ಎರೆದು ಮಾಡಿದ್ದು. ದಪ್ಪನಾದ ಈ ಹಂಚು ನಿಧಾನವಾಗಿ ಕಾದರೂ ಬಿಸಿಯನ್ನು ಬಹುಹೊತ್ತು ಹಿಡಿದಿಡುವುದರಿಂದ, ತಣ್ಣನೆಯ ಹಿಟ್ಟು ಬಿದ್ದಾಗಲೂ ಆರದೆ, ಗುಳಿಯ ಅಂಚಿನಲ್ಲಿ ಎಣ್ಣೆ ಚುರುಗುಟ್ಟುತ್ತಿರುವಂತೆಯೇ ಪಡ್ಡಿನ ತಳ ಕೆಂಪಗೆ ಗರಿಗರಿಯಾಗುತ್ತದೆ, ಒಳಗು ಹತ್ತಿಯಂತೆ ಮೆತ್ತಗುಳಿಯುತ್ತದೆ.

ಹೊಸ ಹಂಚನ್ನು ಪಳಗಿಸುವುದೇ ಈ ಅಡುಗೆಯ ಜೀವಾಳ. ತೊಳೆದು ಒಣಗಿಸಿದ ಹಂಚಿಗೆ ತೆಳುವಾಗಿ ಎಣ್ಣೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ ಆರಿಸುವುದನ್ನು ಹಲವು ಸಲ ಮಾಡಿದಾಗ, ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಕಪ್ಪು ಪೊರೆಯಾಗುತ್ತವೆ. ಹಿಟ್ಟು ಅಂಟದಂತೆ, ತುಕ್ಕು ಹಿಡಿಯದಂತೆ ಕಾಯುವುದು ಈ ಪೊರೆಯೇ. ಹಂಚಿನಲ್ಲಿ ಹುಣಸೆಹುಳಿಯನ್ನು ಬಹಳ ಹೊತ್ತು ಕುದಿಸಿದರೆ ಈ ಪೊರೆ ಸವೆಯುತ್ತದೆ.

ಬಯಲಿನಲ್ಲಿ ಬಿಡಾರ ಹೂಡುವವರಿಗೆ ಇದಕ್ಕಿಂತ ನಂಬಿಕಸ್ಥ ಪಾತ್ರೆ ವಿರಳ. ಮೂರು ಕಲ್ಲಿನ ಒಲೆಯಲ್ಲಿ ಉರಿ ಏರಿಳಿದರೂ ದಪ್ಪ ಲೋಹ ಆ ಏರಿಳಿತವನ್ನು ನುಂಗಿಕೊಳ್ಳುತ್ತದೆ. ಜ್ವಾಲೆಗಿಂತ ನಿಗಿನಿಗಿ ಕೆಂಡವೇ ಮೇಲು. ಆದರೆ ಬೀಡುಕಬ್ಬಿಣ ಗಡುಸಾದರೂ ಪೆಡಸು, ಕಾದ ಹಂಚಿಗೆ ತಣ್ಣೀರು ಸುರಿದರೆ ಅದು ಬಿರಿಯಬಹುದು, ಬಂಡೆಯ ಮೇಲೆ ಬಿದ್ದರೆ ಒಡೆಯಬಹುದು. ಆದ್ದರಿಂದ ತಾನಾಗಿಯೇ ಆರಲು ಬಿಟ್ಟು, ಒರೆಸಿ, ಎಣ್ಣೆ ಸವರಿಯೇ ಗಂಟು ಕಟ್ಟಬೇಕು.